ಹೆಸರು ಹೊತ್ತ ಕೊಡುಗೆ

ಕೊಡುವುದು ಒಂದು ಧರ್ಮ. ಮಾರುವುದು ಇನ್ನೊಂದು ಧರ್ಮ. ಕೊಡುವವನು ಪ್ರತಿಫಲವನ್ನು ಎಣಿಸಬಾರದೆಂದು ಹಿರಿಯರು ಹೇಳಿದರು. ಮಾರುವವನು ಎಣಿಸದಿದ್ದರೆ ಅಂಗಡಿಯ ಬಾಗಿಲು ಮುಚ್ಚಬೇಕಾಗುವುದೆಂದು ಅನುಭವವು ಹೇಳುತ್ತದೆ. ಇವೆರಡರ ನಡುವೆ, ಎರಡಕ್ಕೂ ಸೇರಿದಂತೆ ತೋರಿ ಯಾವುದಕ್ಕೂ ಪೂರ್ತಿಯಾಗಿ ಸೇರದ ಮೂರನೆಯ ಬಗೆಯೊಂದುಂಟು. ವ್ಯಾಪಾರಿಯು ತನ್ನ ಅಂಗಡಿಯ ಹೆಸರನ್ನು ಅಚ್ಚು ಹಾಕಿಸಿ ಗಿರಾಕಿಗಳಿಗೂ ಊರವರಿಗೂ ಬೆಲೆಯಿಲ್ಲದೆ ಹಂಚುವ ವಸ್ತುವೇ ಅದು. ಹೊಸ ವರ್ಷದ ಕ್ಯಾಲೆಂಡರು, ದೀಪಾವಳಿಯ ಕೈಚೀಲ, ಪೆನ್ನು, ದಿನಚರಿಯ ಪುಸ್ತಕ, ನೀರಿನ ಬಾಟಲಿ, ಗೋಡೆಯ ಗಡಿಯಾರ ಮುಂತಾದವೆಲ್ಲವೂ ಈ ಬಗೆಯವು. ಇವುಗಳಲ್ಲಿ ಒಂದಾದರೂ ಇಲ್ಲದ ಮನೆಯನ್ನು ನಾವು ಈವರೆಗೆ ಕಂಡಿಲ್ಲ.

ವ್ಯಾಪಾರದ ಈ ವಿಷಯಕ್ಕೂ ಉಪಾಧ್ಯಾಯರು ಮತ್ತು ವಿದ್ಯಾರ್ಥಿಗಳು ಓದುವ ಪತ್ರಿಕೆಗೂ ಏನು ಸಂಬಂಧವೆಂದು ಕೆಲವರಿಗೆ ತೋರಬಹುದು. ಸಂಬಂಧವಿದೆ. ಇಂದು ಬೆಂಚಿನ ಮೇಲೆ ಕುಳಿತಿರುವ ಹುಡುಗರಲ್ಲಿ ಅನೇಕರು ನಾಳೆ ಅಂಗಡಿಯ ಗಾದಿಯ ಮೇಲೆ ಕುಳಿತುಕೊಳ್ಳುವವರು. ಏನನ್ನು ಹಂಚಿದರೆ ಹೆಸರು ಉಳಿದೀತೆಂದು ಲೆಕ್ಕ ಹಾಕುವವರು. ಅದಕ್ಕಿಂತಲೂ ಮುಖ್ಯವಾದ ಕಾರಣವೆಂದರೆ, ಇಂಥ ಕೊಡುಗೆಗಳು ಊರೊಳಗೆ ಬರುವ ದಾರಿಗಳಲ್ಲಿ ಶಾಲೆಯ ಬಾಗಿಲೂ ಒಂದು. ಆ ಬಾಗಿಲನ್ನು ಕಾಯುವವರು ನಾವು. ಎಷ್ಟು ಚೆನ್ನಾಗಿ ಕಾದೆವೆಂಬುದನ್ನು ಒಂದು ಪ್ರಸಂಗದಿಂದ ತಿಳಿಸುತ್ತೇವೆ.

ಕೆಲವು ವರ್ಷಗಳ ಹಿಂದೆ ನಾವು ಅಕ್ಕಲಕೋಟೆ ತಾಲ್ಲೂಕಿನ ಒಂದು ಕನ್ನಡ ಶಾಲೆಯಲ್ಲಿದ್ದೆವು. ಜೂನ್ ತಿಂಗಳಲ್ಲಿ ಶಾಲೆ ತೆರೆದ ವಾರದಲ್ಲಿ ಊರಿನ ದೊಡ್ಡ ಬಟ್ಟೆಯಂಗಡಿಯ ಸಾವುಕಾರರು ಎಲ್ಲ ಮಕ್ಕಳಿಗೂ ಬಟ್ಟೆಯ ಚೀಲಗಳನ್ನು ಕೊಡುವುದಾಗಿ ಹೇಳಿ ಕಳುಹಿಸಿದರು. ನಮಗೆ ಸಂತೋಷವಾಯಿತು. ಪಾಟಿ-ಪುಸ್ತಕಗಳನ್ನು ಗೊಬ್ಬರದ ಚೀಲದಲ್ಲಿ ಸುತ್ತಿಕೊಂಡು ಬರುವ ಮಕ್ಕಳಿದ್ದ ಶಾಲೆ ಅದು. ಪ್ರಾರ್ಥನೆಯಾದ ಮೇಲೆ ಮಕ್ಕಳನ್ನು ಸಾಲಾಗಿ ಕೂಡಿಸಿದೆವು; ಸಾವುಕಾರರಿಗೆ ಹಾರ ಹಾಕಿದೆವು; ಅವರ ಔದಾರ್ಯವನ್ನು ಕೊಂಡಾಡಿದೆವು. ಚೀಲದ ಒಂದು ಮಗ್ಗುಲಿನ ತುಂಬ ಅಂಗೈ ಅಗಲದ ಕೆಂಪು ಅಕ್ಷರಗಳಲ್ಲಿ ಅಂಗಡಿಯ ಹೆಸರಿತ್ತು. ಅದು ನಮಗೆ ತಪ್ಪೆಂದು ತೋರಲಿಲ್ಲ.

ಮರುದಿನದಿಂದ ಊರಿನ ಪ್ರತಿಯೊಂದು ಓಣಿಯಲ್ಲಿಯೂ ಆ ಕೆಂಪಕ್ಷರಗಳು ನಡೆದಾಡತೊಡಗಿದವು. ನಾಲ್ಕಾರು ದಿನಗಳ ಮೇಲೆ ಆರನೆಯ ಇಯತ್ತೆಯ ಹುಡುಗನೊಬ್ಬನ ಚೀಲದ ಹೊಲಿಗೆಯ ಅಂಚುಗಳೆಲ್ಲ ಹೊರಗೆ ಕಾಣುತ್ತಿದ್ದುದನ್ನು ನಾವು ಕಂಡೆವು. ಅವನು ಚೀಲವನ್ನು ಒಳಮಗ್ಗುಲು ಹೊರಗಾಗುವಂತೆ ತಿರುವಿ ಹೆಗಲಿಗೆ ಹಾಕಿಕೊಂಡಿದ್ದನು. ಅವಸರದಲ್ಲಿ ಹಾಗಾಗಿರಬಹುದೆಂದು, "ಯಾಕೋ ತಮ್ಮಾ, ಚೀಲಾ ತಿರುವಿ ಹಾಕ್ಕೊಂಡೀಯಲ್ಲ?" ಎಂದು ಕೇಳಿದೆವು. ಹುಡುಗನು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮಪ್ಪಂದೂ ಅರಿವಿ ಅಂಗಡಿ ಅದರೀ ಗುರುಗಳ, ಸಣ್ಣದು" ಎಂದನು.

ಆ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ತಂದೆಯ ಸಣ್ಣ ಅಂಗಡಿಯ ಮುಂದಿನಿಂದಲೇ ದೊಡ್ಡ ಅಂಗಡಿಯ ಹೆಸರನ್ನು ಹೊತ್ತು ನಡೆಯಬೇಕಾದ ಸಂಕಟವನ್ನು ಹನ್ನೊಂದು ವರ್ಷದ ಬಾಲಕನು ತನಗೆ ತಿಳಿದ ರೀತಿಯಲ್ಲಿ ನೀಗಿಕೊಂಡಿದ್ದನು. ಚೀಲವು ಅವನಿಗೆ ಬೇಕಾಗಿತ್ತು, ಹೆಸರು ಬೇಕಾಗಿರಲಿಲ್ಲ. ಬೇಡವೆನ್ನುವ ಸ್ವಾತಂತ್ರ್ಯವು ಅವನಿಗಿತ್ತೇ? ಗುರುಗಳೇ ಹಾರ ಹಾಕಿ ಕೊಂಡಾಡಿದ ಕೊಡುಗೆಯನ್ನು ಯಾವ ಮಗುವು ಬೇಡವೆಂದೀತು? ಕೊಟ್ಟವರು ಸಾವುಕಾರರಾದರೂ, ಅವನ ಹೆಗಲಿಗೆ ಅದನ್ನು ಏರಿಸಿದವರು ನಾವೇ ಎಂಬುದು ಅಂದು ನಮಗೆ ಮನವರಿಕೆಯಾಯಿತು.

ಹಾಗಾದರೆ ಕೊಡುಗೆಯ ಮೇಲೆ ಹೆಸರು ಹಾಕುವುದೇ ದೋಷವೆ? ಹಾಗೆಂದರೆ ನಮ್ಮ ನಾಡಿನ ಇತಿಹಾಸವನ್ನೇ ದೋಷವೆನ್ನಬೇಕಾಗುತ್ತದೆ. ಕನ್ನಡ ಶಾಸನಗಳಲ್ಲಿ ಬಹುಪಾಲು ದಾನಶಾಸನಗಳು. ನಮ್ಮ ಸೊಲ್ಲಾಪುರ ಜಿಲ್ಲೆಯಲ್ಲಿಯೂ ಅಂಥವು ಅನೇಕ ದೊರೆತಿವೆ. ಇಂಥವನು, ಇಂಥ ತಿಥಿಯಲ್ಲಿ, ಇಂಥ ಎಲ್ಲೆಗಳುಳ್ಳ ಇಷ್ಟು ಭೂಮಿಯನ್ನು ಇಂಥ ಕಾರ್ಯಕ್ಕೆ ಬಿಟ್ಟನೆಂದು ಅವು ಸಾರುತ್ತವೆ. ಕೊನೆಯಲ್ಲಿ, ಈ ದಾನವನ್ನು ಪಾಲಿಸಿದವನಿಗೆ ಪುಣ್ಯವನ್ನೂ ಅಳಿದವನಿಗೆ ಪಾಪವನ್ನೂ ಹೇಳುತ್ತವೆ. ಇಲ್ಲಿ ದಾನಿಯ ಹೆಸರು ಇರುವುದೇತಕ್ಕೆ? ಕೀರ್ತಿಯ ಆಸೆ ಇರಲಿಲ್ಲವೆಂದು ನಾವು ಹೇಳಲಾರೆವು. ಆದರೆ ಅದರ ಜೊತೆಗೆ ಬೇರೊಂದು ಪ್ರಯೋಜನವೂ ಇದ್ದಿತು. ಕೊಟ್ಟವನಾರು, ಕೊಟ್ಟುದೆಷ್ಟು, ಎಲ್ಲೆ ಯಾವುದು ಎಂಬುದು ಕಲ್ಲಿನ ಮೇಲಿದ್ದರೆ ಮುಂದಿನವರು ಅದನ್ನು ಕಬಳಿಸುವುದು ಕಷ್ಟ. ಅಲ್ಲಿ ಹೆಸರು ಕೊಡುಗೆಯನ್ನು ಕಾಯುತ್ತದೆ. ಚೀಲದ ಮೇಲಾದರೋ ಕೊಡುಗೆಯು ಹೆಸರನ್ನು ಹೊರುತ್ತದೆ. ಇನ್ನೂ ಒಂದು ಮಾತು: ಶಾಸನದ ಕಲ್ಲು ನಿಂತಲ್ಲಿಯೇ ನಿಂತಿರುತ್ತದೆ, ದಾನವನ್ನು ಉಂಡವನ ಬೆನ್ನ ಮೇಲೆ ಅದನ್ನು ಯಾರೂ ಕಟ್ಟಿ ಕಳುಹಿಸಲಿಲ್ಲ.

ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನಕವಿಯ ಶಾಂತಿಪುರಾಣವನ್ನು 1,000 ಪ್ರತಿಗಳಲ್ಲಿ ಬರೆಯಿಸಿ ಹಂಚಿದಳೆಂಬುದು ಪ್ರಸಿದ್ಧವಾದ ಸಂಗತಿ. ಅಚ್ಚಿನ ಯಂತ್ರವಿಲ್ಲದ ಕಾಲದಲ್ಲಿ ಒಂದೊಂದು ಓಲೆಯನ್ನೂ ಕೈಯಿಂದ ಬರೆಯಿಸಬೇಕಾಗಿದ್ದಾಗ ನಡೆದ ಕಾರ್ಯ ಅದು. ಆಕೆ ಹಂಚಿದುದು ಒಬ್ಬ ಕವಿಯ ಕಾವ್ಯವನ್ನು, ಒಬ್ಬ ತೀರ್ಥಂಕರನ ಚರಿತ್ರೆಯನ್ನು. ಹಾಗಿದ್ದರೂ ಲಕ್ಕುಂಡಿಯ 1007ರ ಶಾಸನವು ಆಕೆಯನ್ನು ಹೊಗಳುತ್ತದೆ, ರನ್ನನು ಹೊಗಳಿದನು, ನಾವು ಇಂದಿಗೂ ಹೊಗಳುತ್ತೇವೆ. ಪಡೆದವನಿಗೆ ಬೇಕಾದುದನ್ನು ಕೊಟ್ಟರೆ ಕೊಟ್ಟವನ ಹೆಸರನ್ನು ಪಡೆದವನೇ ಉಳಿಸುತ್ತಾನೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವನ್ನು ನಾವು ಅರಿಯೆವು.

ಆದರೂ ವ್ಯಾಪಾರಿಯನ್ನು ಅತ್ತಿಮಬ್ಬೆಯ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಭಗವದ್ಗೀತೆಯ ಹದಿನೇಳನೆಯ ಅಧ್ಯಾಯವು ದಾನವನ್ನು ಮೂರು ಬಗೆಯಾಗಿ ವಿಂಗಡಿಸಿ, ಪ್ರತ್ಯುಪಕಾರವನ್ನು ಬಯಸಿ ಕೊಡುವುದನ್ನು ರಾಜಸವೆನ್ನುತ್ತದೆ. ವ್ಯಾಪಾರಿಯ ಕೊಡುಗೆಯು ರಾಜಸವೇ ಸರಿ. ಅದರಲ್ಲಿ ನಾಚಿಕೆಪಡಬೇಕಾದುದೇನೂ ಇಲ್ಲ. ನಾನು ನಿನಗೆ ಕ್ಯಾಲೆಂಡರು ಕೊಡುತ್ತೇನೆ, ನೀನು ನಿನ್ನ ಗೋಡೆಯಲ್ಲಿ ನನ್ನ ಹೆಸರಿಗೆ ಒಂದು ಗೇಣು ಜಾಗ ಕೊಡು ಎಂಬುದು ಒಪ್ಪಂದ. ಇಬ್ಬರೂ ಅರಿತು ಮಾಡಿಕೊಂಡರೆ ಅದು ಋಜುವಾದ ಒಪ್ಪಂದ. ಒಪ್ಪಂದವನ್ನು ದಾನವೆಂದು ಕರೆದು, ಜಾಗದ ಜೊತೆಗೆ ಕೃತಜ್ಞತೆಯನ್ನೂ ಹಾರವನ್ನೂ ವಸೂಲು ಮಾಡಿಕೊಂಡಾಗ ದೋಷವು ಹುಟ್ಟುತ್ತದೆ. ಅಂದು ನಮ್ಮ ಶಾಲೆಯಲ್ಲಿ ನಡೆದುದು ಇದೇ.

ಪಡೆಯುವವನು ಈ ಒಪ್ಪಂದದಲ್ಲಿ ಏನನ್ನೂ ಕೊಡುವುದಿಲ್ಲವೆಂಬ ಭಾವನೆಯೊಂದುಂಟು. ಅದು ತಪ್ಪು. 2019ರಲ್ಲಿ ಚಂಡೀಗಢದ ಗ್ರಾಹಕ ನ್ಯಾಯವೇದಿಕೆಯ ಮುಂದೆ ಒಂದು ಸಣ್ಣ ವ್ಯಾಜ್ಯ ಬಂದಿತು. ಪಾದರಕ್ಷೆಯನ್ನು ಕೊಂಡ ಗಿರಾಕಿಯೊಬ್ಬನಿಂದ ಅಂಗಡಿಯವರು ಕಾಗದದ ಚೀಲಕ್ಕೆಂದು 3 ರೂಪಾಯಿ ತೆಗೆದುಕೊಂಡಿದ್ದರು. ಚೀಲದ ಮೇಲೆ ಅವರದೇ ಹೆಸರಿತ್ತು. ತಮ್ಮ ಜಾಹೀರಾತನ್ನು ನನ್ನಿಂದ ಹೊರಿಸಿ, ಅದರ ಬೆಲೆಯನ್ನೂ ನನ್ನಿಂದಲೇ ಪಡೆದರೆಂದು ಆತನು ದೂರಿದನು. ವೇದಿಕೆಯು ಆತನ ಪಕ್ಷವನ್ನು ಎತ್ತಿ ಹಿಡಿದು, ಆ 3 ರೂಪಾಯಿಯನ್ನು ಹಿಂದಿರುಗಿಸುವುದರ ಜೊತೆಗೆ ಸುಮಾರು 9,000 ರೂಪಾಯಿಗಳನ್ನು ಅಂಗಡಿಯವರು ತೆರಬೇಕೆಂದು ತೀರ್ಪಿತ್ತಿತು. ಮೂರು ರೂಪಾಯಿಯ ಈ ವ್ಯಾಜ್ಯದಲ್ಲಿ ದೊಡ್ಡ ತತ್ತ್ವವೊಂದಿದೆ. ಮನುಷ್ಯನ ಹೆಗಲು, ಅವನ ಮನೆಯ ಗೋಡೆ, ಅವನ ಅಂಗಿಯ ಜೇಬು ಇವು ಅವನವು. ಅಲ್ಲಿ ಹೆಸರು ಬರೆಯಬೇಕಾದರೆ ಅವನ ಒಪ್ಪಿಗೆ ಬೇಕು. ಒಪ್ಪಿಗೆಗೆ ತಕ್ಕ ಪ್ರಯೋಜನ ಅವನಿಗಾಗಬೇಕು.

ಕೆಲವು ಕಡೆ ಒಪ್ಪಿಗೆಯಿದ್ದರೂ ಸಾಲದು. ವೈದ್ಯನ ಮೇಜಿನ ಮೇಲಿನ ಔಷಧ ಕಂಪನಿಯ ಕೊಡುಗೆಯನ್ನು ನೋಡಿರಿ. ಕೊಟ್ಟವನೂ ಒಪ್ಪಿದ್ದಾನೆ; ಪಡೆದವನೂ ಒಪ್ಪಿದ್ದಾನೆ; ಬೆಲೆಯನ್ನು ತೆರುವವನು ಬಾಗಿಲ ಹೊರಗೆ ಕುಳಿತ ರೋಗಿ. ಇದನ್ನರಿತೇ ಭಾರತೀಯ ವೈದ್ಯ ಪರಿಷತ್ತು 2009ರಲ್ಲಿ ವೈದ್ಯರು ಔಷಧ ಕಂಪನಿಗಳಿಂದ ಉಡುಗೊರೆ ಪಡೆಯಬಾರದೆಂದು ನಿಯಮ ಮಾಡಿತು. 2022ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಅಂಥ ಉಡುಗೊರೆಯ ವೆಚ್ಚವನ್ನು ಕಂಪನಿಗಳು ಆದಾಯ ತೆರಿಗೆಯಲ್ಲಿ ಕಳೆದುಕೊಳ್ಳುವಂತಿಲ್ಲವೆಂದು ತೀರ್ಮಾನಿಸಿತು. 2024ರ ಸಂಹಿತೆಯಲ್ಲಿ ಕೇಂದ್ರ ಸರಕಾರವು ಪುಸ್ತಕ, ಕ್ಯಾಲೆಂಡರು, ದಿನಚರಿಗಳಂಥ ಜ್ಞಾಪಕವಸ್ತುಗಳಿಗೂ ಒಂದೊಂದಕ್ಕೆ 1,000 ರೂಪಾಯಿಯ ಮೇರೆಯನ್ನು ಹಾಕಿತು. ವೈದ್ಯರ ಮಾತನ್ನು ಓದಿ ನಾವು ಉಪಾಧ್ಯಾಯರು ತಲೆದೂಗಿ ಸುಮ್ಮನಾಗಬಾರದು. ನಮ್ಮ ಕಪಾಟುಗಳಲ್ಲಿ ಮಾರ್ಗದರ್ಶಿ ಪುಸ್ತಕಗಳನ್ನು ಮಾರುವವರು ಕೊಟ್ಟ ದಿನಚರಿಗಳಿಲ್ಲವೆ? ಜೂನ್ ತಿಂಗಳಲ್ಲಿ ಯಾವ ಪುಸ್ತಕ ಕೊಳ್ಳಬೇಕೆಂದು ಮಗುವು ಕೇಳಿದಾಗ ನಮ್ಮ ನಾಲಿಗೆಗೆ ಮೊದಲು ಬರುವ ಹೆಸರು ಯಾವುದು? ಯಾರ ವಿವೇಕವನ್ನು ನಂಬಿ ಮತ್ತೊಬ್ಬರು ನಡೆಯುತ್ತಾರೋ ಅವರಿಗೆ ಹೆಸರು ಹೊತ್ತ ಕೊಡುಗೆಯನ್ನು ಕೊಡಬಾರದು, ಅವರು ಪಡೆಯಲೂಬಾರದು. ಆಯ್ಕೆಯ ಮೊದಲನೆಯ ನಿಯಮ ಇದೆಂದು ನಾವು ಭಾವಿಸುತ್ತೇವೆ. ಏನನ್ನು ಕೊಡಬೇಕೆಂಬುದಕ್ಕಿಂತ ಯಾರಿಗೆ ಕೊಡಬಾರದೆಂಬುದನ್ನು ಮೊದಲು ನಿಶ್ಚಯಿಸಬೇಕು.

ಇನ್ನು ಕೊಡಬಹುದಾದವರಿಗೆ ಏನನ್ನು ಕೊಡಬೇಕು? ಈ ವಿಷಯದಲ್ಲಿ ನಮ್ಮ ಮನೆಯ ಗೋಡೆಯೇ ನಮಗೆ ಗುರು. ರಾಜಾ ರವಿವರ್ಮನು 1894ರಲ್ಲಿ ಮುಂಬಯಿಯಲ್ಲಿ ಚಿತ್ರಗಳ ಅಚ್ಚುಕೂಟವನ್ನು ತೆರೆದ ಮೇಲೆ ದೇವರ ಚಿತ್ರಗಳು ಬಡವರ ಮನೆಗೂ ಬಂದವು. ಮುಂದೆ ಅಂಥ ಚಿತ್ರಗಳ ಕೆಳಗೆ ವ್ಯಾಪಾರಿಗಳ ಹೆಸರೂ ತಿಂಗಳ ಹಾಳೆಗಳೂ ಸೇರಿದವು. ವರ್ಷ ಮುಗಿದಾಗ ನಮ್ಮ ತಾಯಂದಿರು ಏನು ಮಾಡುತ್ತಿದ್ದರು? ಲಕ್ಷ್ಮಿಯ ಚಿತ್ರವನ್ನು ಕತ್ತರಿಸಿ ಕಟ್ಟು ಹಾಕಿಸಿ ಇಟ್ಟುಕೊಳ್ಳುತ್ತಿದ್ದರು. ಹೆಸರಿನ ಪಟ್ಟಿಯನ್ನು ಒಲೆಗೆ ಹಾಕುತ್ತಿದ್ದರು. ಬೇಕಾದುದು ಯಾವುದು, ಸಹಿಸಿಕೊಂಡುದು ಯಾವುದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ತೀರ್ಪು ಬೇಕೆ? 1973ರಲ್ಲಿ ಜಯಂತರಾವ್ ಸಾಳಗಾಂವಕರರು ಮರಾಠಿಯಲ್ಲಿ ಆರಂಭಿಸಿ, ಮುಂದೆ ಕನ್ನಡದಲ್ಲಿಯೂ ಪ್ರಕಟವಾದ 'ಕಾಲನಿರ್ಣಯ'ವು ನಮ್ಮ ಗಡಿಭಾಗದ ಮನೆಮನೆಯಲ್ಲಿಯೂ ತೂಗುವುದೇಕೆ? ಅದರಲ್ಲಿ ತಿಥಿಯಿದೆ, ಹಬ್ಬವಿದೆ, ಹಾಳೆಯ ಹಿಂದೆ ಓದಲು ಬರಹವಿದೆ. ಹಾಲಿನವನ ಲೆಕ್ಕವನ್ನು ಗುರುತು ಹಾಕಲು ಸ್ಥಳವಿದೆ. ಅಂಥದನ್ನು ತಮ್ಮ ಹೆಸರಿನೊಡನೆ ಹಂಚುವ ವ್ಯಾಪಾರಿಗಳು ಜಾಣರು. ಹೆಸರಿಗೆ ಒಂದು ಪಟ್ಟಿ, ಉಳಿದುದೆಲ್ಲ ಮನೆಯವರಿಗೆ. ದಿನಕ್ಕೊಂದು ಬಾರಿಯಾದರೂ ಮನೆಯಾಕೆಗೆ ಬೇಕಾಗುವ ವಸ್ತುವಿನ ಅಂಚಿನಲ್ಲಿರುವ ಚಿಕ್ಕ ಹೆಸರು, ಯಾರಿಗೂ ಬೇಡವಾದ ವಸ್ತುವಿನ ಮೈತುಂಬ ಬರೆದ ದೊಡ್ಡ ಹೆಸರಿಗಿಂತ ಹೆಚ್ಚು ಕಾಲ ಬಾಳುತ್ತದೆ. ಇಲ್ಲಿ ನೀತಿಯೂ ವ್ಯಾಪಾರದ ಲಾಭವೂ ಒಂದೇ ಮಾತನ್ನು ಹೇಳುತ್ತವೆ.

ಎರಡನೆಯದು ಬಾಳಿಕೆ. ಸೊಲ್ಲಾಪುರದ ಚಾದರವನ್ನು ನಮ್ಮ ವಾಚಕರಿಗೆ ಪರಿಚಯ ಮಾಡಿಕೊಡಬೇಕಾಗಿಲ್ಲ. ಅನೇಕ ಚಾದರಗಳಲ್ಲಿ ನೇಯಿಸಿದವರ ಹೆಸರನ್ನೋ ಗುರುತನ್ನೋ ನೂಲಿನಲ್ಲಿಯೇ ನೇಯ್ದಿರುವುದುಂಟು. ಆ ಹೆಸರಿಗೆ ಒಂದು ಅರ್ಥವಿದೆ: ಇದನ್ನು ಮಾಡಿಸಿದವನು ನಾನು, ಬಣ್ಣ ಬಿಟ್ಟರೆ, ಎಳೆ ಕಿತ್ತರೆ, ನಿಂದೆಯು ನನಗಿರಲಿ. ಅಲ್ಲಿ ಹೆಸರೆಂದರೆ ಹೊಣೆ. ಅಗ್ಗದ ಚೀಲದ ಮೇಲೆ ಅಚ್ಚು ಹಾಕಿಸಿದ ಹೆಸರಿಗೆ ಈ ಹೊಣೆಯಿಲ್ಲ. ಚೀಲವನ್ನು ಹೊಲಿದವನು ಬೇರೆ ಊರಿನವನು. ಅವನಿಗೆ ಕೊಟ್ಟುದು ಅತ್ಯಂತ ಕಡಿಮೆಯ ದರ. ಮಗುವಿನ ಪುಸ್ತಕಗಳು ಮಳೆಯಲ್ಲಿ ಚೀಲದ ಬುಡ ಹರಿದು ಕೆಸರಿಗೆ ಬಿದ್ದಾಗ ಹೆಸರಿನವನು ಅಲ್ಲಿರುವುದಿಲ್ಲ. ಅಂಗಡಿಯಲ್ಲಿ ಒಳ್ಳೆಯ ಬಟ್ಟೆಯನ್ನು ಮಾರುವವನು ತನ್ನ ಹೆಸರಿನಲ್ಲಿ ಕೆಟ್ಟ ಬಟ್ಟೆಯನ್ನು ಹಂಚಿದರೆ, ಹಣ ವೆಚ್ಚ ಮಾಡಿ ತನ್ನ ಮೇಲೆಯೇ ಚಾಡಿ ಹೇಳಿಸಿಕೊಂಡಂತಾಗುತ್ತದೆ.

ಇದರಲ್ಲಿ ಲೋಕದ ಹಾನಿಯೂ ಅಡಗಿದೆ. ನಮ್ಮ ದೇಶದಲ್ಲಿ 2022ರ ಜುಲೈ 1ರಿಂದ ಒಮ್ಮೆ ಬಳಸಿ ಬಿಸಾಡುವ ಹಲವು ಪ್ಲಾಸ್ಟಿಕ್ ವಸ್ತುಗಳು ನಿಷಿದ್ಧವಾಗಿವೆ. ತೆಳುವಾದ ಪ್ಲಾಸ್ಟಿಕ್ ಚೀಲಗಳಿಗೂ ನಿಷೇಧವುಂಟು. ಆದುದರಿಂದ ಹತ್ತಿಯ ಚೀಲವನ್ನು ಹಂಚಿದವನು ಭೂಮಿತಾಯಿಗೆ ಉಪಕಾರ ಮಾಡಿದೆನೆಂದು ತಿಳಿಯುತ್ತಾನೆ. ಡೆನ್ಮಾರ್ಕ್ ದೇಶದ ಪರಿಸರ ಇಲಾಖೆಯು 2018ರಲ್ಲಿ ಪ್ರಕಟಿಸಿದ ವರದಿಯು ಈ ಸಮಾಧಾನವನ್ನು ಕದಡುತ್ತದೆ. ಸಾಧಾರಣ ಹತ್ತಿಯ ಚೀಲವೊಂದು ಹಗುರವಾದ ಪ್ಲಾಸ್ಟಿಕ್ ಚೀಲಕ್ಕಿಂತ ಹವಾಮಾನದ ದೃಷ್ಟಿಯಿಂದ ಮೇಲೆನಿಸಬೇಕಾದರೆ ಅದನ್ನು 52 ಬಾರಿ ಬಳಸಬೇಕು. ನೀರು, ಮಣ್ಣು, ಗಾಳಿಗಳ ಮೇಲಿನ ಎಲ್ಲ ಪರಿಣಾಮಗಳನ್ನೂ ಲೆಕ್ಕಕ್ಕೆ ಹಿಡಿದರೆ 7,100 ಬಾರಿ ಬಳಸಬೇಕೆಂದು ಆ ವರದಿ ಹೇಳಿತು. ಅಲ್ಲಿಯ ಲೆಕ್ಕ ಇಲ್ಲಿಗೆ ಅಕ್ಷರಶಃ ಹೊಂದಬೇಕೆಂದಿಲ್ಲ. ಆದರೆ ತಿಂಗಳಿಗೆ ಹರಿಯುವ ಹತ್ತಿಯ ಚೀಲವು ಪುಣ್ಯದ ವಸ್ತುವಲ್ಲವೆಂಬುದಂತೂ ಖಂಡಿತ. ಕೇಂದ್ರ ಸರಕಾರವೇ 2020ರ ಸೆಪ್ಟೆಂಬರಿನಲ್ಲಿ ತನ್ನ ಇಲಾಖೆಗಳು ಕ್ಯಾಲೆಂಡರು, ದಿನಚರಿ, ಶುಭಾಶಯ ಪತ್ರಗಳನ್ನು ಅಚ್ಚು ಹಾಕಿಸಬಾರದೆಂದು ಆಜ್ಞೆ ಹೊರಡಿಸಿತು. ಕೊಡದಿರುವುದೂ ಒಂದು ಆಯ್ಕೆಯೆಂಬುದನ್ನು ಕೊಡುವವರು ಮರೆಯಬಾರದು.

ಮೂರನೆಯದು ಭಾಷೆ. ಗಡಿನಾಡಿನ ನಮಗೆ ಇದು ಮುಳ್ಳಿನಂಥ ವಿಷಯ. ಯಾರಿಗೆ ಕೊಡುತ್ತೇವೆಯೋ ಅವರು ಓದುವ ಅಕ್ಷರದಲ್ಲಿ ಹೆಸರು ಹಾಕುವುದು ಮರ್ಯಾದೆ. ಮರಾಠಿ ಮನೆಗೆ ಮರಾಠಿ ಕ್ಯಾಲೆಂಡರು, ಕನ್ನಡ ಮನೆಗೆ ಕನ್ನಡ ಕ್ಯಾಲೆಂಡರು ಕೊಡುವ ಅಂಗಡಿಯು ಇಬ್ಬರನ್ನೂ ಗುರುತಿಸಿದಂತಾಯಿತು. ಆದರೆ ಕನ್ನಡದಲ್ಲಿ ಹೆಸರು ಹಾಕಿಸಿದ ಮಾತ್ರಕ್ಕೆ ಕೊಡುಗೆಯು ಒಳ್ಳೆಯದಾಗುವುದಿಲ್ಲ. ನಮ್ಮ ಶಾಲೆಯ ಚೀಲದ ಮೇಲಿದ್ದ ಕೆಂಪಕ್ಷರಗಳೂ ಅಚ್ಚಗನ್ನಡವೇ. ಕನ್ನಡವನ್ನು ಕಂಡೊಡನೆ ನಾವು ಹಿಗ್ಗಿ ಉಳಿದುದನ್ನು ಮರೆತೆವೆಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇವೆ.

ಆ ವರ್ಷದ ದೀಪಾವಳಿಯಾದ ಮೇಲೆ ಸಾವುಕಾರರು ನಮ್ಮನ್ನು ಕಂಡು, ಮುಂದಿನ ಸಲ ಏನು ಕೊಡಲಿ ಎಂದು ಕೇಳಿದರು. ಹುಡುಗನ ಹೆಸರನ್ನು ಹೇಳದೆ ನಡೆದುದನ್ನು ತಿಳಿಸಿ, ಶಾಲೆಗೆ ಕೊಡುವುದಾದರೆ ಹೆಸರಿಲ್ಲದೆ ಕೊಡಿರೆಂದೆವು. ಅವರು ಸಿಟ್ಟಾಗಲಿಲ್ಲ, ನಕ್ಕು, "ಗುರುಗಳೇ, ನಾ ವ್ಯಾಪಾರಿ ಇದ್ದೀನಿ, ಸನ್ಯಾಸಿ ಅಲ್ಲ. ಹೆಸರಿಲ್ಲದ ಕೊಟ್ರ ನನಗೇನು ಬಂತು?" ಎಂದರು. ಪ್ರಾಮಾಣಿಕವಾದ ಪ್ರಶ್ನೆ. ಅದಕ್ಕೆ ಉಪದೇಶದಿಂದ ಉತ್ತರಿಸಬಾರದು. ನಾವು ಹೇಳಿದುದಿಷ್ಟು: ನಿಮ್ಮ ಅಂಗಡಿಗೆ ಬಂದ ಗಿರಾಕಿಗೆ ಹೆಸರು ಹಾಕಿದ ಚೀಲವನ್ನು ಧಾರಾಳವಾಗಿ ಕೊಡಿರಿ, ಅವನು ಬಲ್ಲವನು, ಬೇಡವಾದರೆ ಬಿಟ್ಟುಹೋಗುವವನು. ಬೇಡವೆನ್ನಲಾರದ ಮಗುವಿನ ಮೈಮೇಲೆ ಮಾತ್ರ ಹೆಸರು ಹಾಕಬೇಡಿರಿ. ಶಾಲೆಗೆ ಕೊಡುವುದಾದರೆ ಶಾಲೆಯಲ್ಲಿಯೇ ಉಳಿಯುವುದನ್ನು ಕೊಡಿರಿ. ಕೊಟ್ಟವರಾರೆಂಬುದನ್ನು ದಾಖಲೆಯಲ್ಲಿ ನಾವು ಬರೆದಿಡುತ್ತೇವೆ.

ಅವರು ನಮ್ಮ ಮಾತನ್ನು ಪೂರ್ತಿಯಾಗಿ ಒಪ್ಪಲಿಲ್ಲ. ಪೂರ್ತಿಯಾಗಿ ತಳ್ಳಿಹಾಕಲೂ ಇಲ್ಲ. ಮರುವರ್ಷ ಮಕ್ಕಳಿಗೆ ಚೀಲ ಬರಲಿಲ್ಲ. ಶಾಲೆಯ ಕಪಾಟಿಗೆ ಹತ್ತು ಕನ್ನಡ ನಿಘಂಟುಗಳೂ ಹತ್ತು ಭೂಪಟ ಪುಸ್ತಕಗಳೂ ಬಂದವು. ಒಂದೊಂದರ ಒಳಪುಟದಲ್ಲಿಯೂ ಅಂಗಡಿಯ ಹೆಸರಿನ ಸಣ್ಣ ಮುದ್ರೆಯಿತ್ತು. ಚೀಲವಿಲ್ಲದ ಕೆಲವು ಮಕ್ಕಳು ಮತ್ತೆ ಗೊಬ್ಬರದ ಚೀಲದಲ್ಲಿ ಪುಸ್ತಕ ತಂದರೆಂಬುದನ್ನು ನಾವು ಮರೆಮಾಚುವುದಿಲ್ಲ. ನಮ್ಮ ಸಲಹೆಗೂ ಒಂದು ಬೆಲೆಯಿತ್ತು. ಅದನ್ನು ತೆತ್ತವರು ಆ ಮಕ್ಕಳು. ಊರವರೂ ನಾವೂ ಸ್ವಲ್ಪ ಸ್ವಲ್ಪ ಕೂಡಿಸಿ ಕೆಲವರಿಗೆ ಹೆಸರಿಲ್ಲದ ಚೀಲಗಳನ್ನು ಹೊಲಿಸಿದೆವು, ಎಲ್ಲರಿಗೂ ಸಾಲಲಿಲ್ಲ. ಸಣ್ಣ ಅಂಗಡಿಯವರ ಮಗನು ನಿಘಂಟನ್ನು ತೆರೆದು ಪದ ಹುಡುಕುತ್ತಿದ್ದುದನ್ನು ಒಂದು ದಿನ ಕಂಡೆವು. ಒಳಪುಟದ ಮುದ್ರೆಯು ಅವನ ಕಣ್ಣಿಗೆ ಬಿದ್ದಿರಲೇಬೇಕು. ಅವನು ಪುಟವನ್ನು ತಿರುವಿ ಮುಂದೆ ಓದಿದನು.

ವಿದ್ಯಾರ್ಥಿಗಳೇ, ನೀವು ನಾಳೆ ಅಂಗಡಿಯನ್ನು ತೆರೆದಾಗ ಮುದ್ರಕನು ಮಾದರಿಗಳ ಗಂಟನ್ನು ನಿಮ್ಮ ಮುಂದೆ ಬಿಚ್ಚುತ್ತಾನೆ. ಆಗ ನಿಮಗೆ ನೀವೇ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಮೂರು. ಈ ವಸ್ತುವಿನ ಮೇಲೆ ನನ್ನ ಹೆಸರಿಲ್ಲದಿದ್ದರೂ ಪಡೆದವನು ಇದನ್ನು ಇಟ್ಟುಕೊಳ್ಳುವನೆ? ಇದು ಹರಿದ ದಿನವೂ ಇದರ ಮೇಲೆ ನನ್ನ ಹೆಸರಿರುವುದಕ್ಕೆ ನಾನು ಒಪ್ಪುವೆನೆ? ಬೇಡವೆನ್ನುವ ಸ್ವಾತಂತ್ರ್ಯವು ಅವನಿಗೆ ಇದೆಯೆ? ಮೂರಕ್ಕೂ ಹೌದೆಂಬ ಉತ್ತರ ಬಂದರೆ ನಿಃಸಂಕೋಚವಾಗಿ ಹೆಸರು ಹಾಕಿಸಿರಿ. ಉಪಾಧ್ಯಾಯರಾದ ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಹಾರ ಹಾಕುವ ಮೊದಲು, ಸಾಲಿನಲ್ಲಿ ಕುಳಿತ ಮಕ್ಕಳೆಲ್ಲರ ಮುಖವನ್ನೂ ನೋಡಿದೆವೆ?

ಅಂದು ನಾವು ನೋಡಿರಲಿಲ್ಲ.